ಬುಧವಾರದ ಬದಲಿ

ಕದ್ರಿಯ ಹೋಟೆಲೊಂದರಲ್ಲಿ ಪ್ರತಿ ಬುಧವಾರ ಬೆಳಿಗ್ಗೆ ಏಳಕ್ಕೆ ನಾವು ನಲವತ್ತು ವ್ಯಾಪಾರಸ್ಥರು ಸೇರುತ್ತಿದ್ದೆವು. ಇಡ್ಲಿ ತಿನ್ನುತ್ತಾ ಒಬ್ಬರ ಗಿರಾಕಿಯನ್ನು ಇನ್ನೊಬ್ಬರಿಗೆ ದಾಟಿಸುವುದು. ಅದಕ್ಕೆ ನೆಟ್‌ವರ್ಕಿಂಗ್ ಎಂಬ ದೊಡ್ಡ ಹೆಸರು. ಒಂದು ಕಸುಬಿಗೆ ಒಂದೇ ಕುರ್ಚಿ ಎಂಬುದು ಅಲ್ಲಿನ ನಿಯಮ. ಮನೆಗಳಿಗೆ ನರ್ಸ್ ಕಳಿಸುವವರ ಕುರ್ಚಿ ನನ್ನದಾಗಿತ್ತು. ಗಲ್ಫಿನ ಆಸ್ಪತ್ರೆ ಬಿಟ್ಟು ಬಂದು ಕಂಕನಾಡಿಯಲ್ಲಿ ಏಜೆನ್ಸಿ ತೆರೆದ ನನಗೆ ಮುಕ್ಕಾಲು ಪಾಲು ಕೆಲಸ ಬರುತ್ತಿದ್ದುದು ಅಲ್ಲಿಂದಲೇ. ಆ ಕುರ್ಚಿ ಹೋದರೆ ಏಜೆನ್ಸಿಗೆ ಬೀಗ ಹಾಕಬೇಕು, ಅಷ್ಟೇ.

ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಊರಿಗೆಲ್ಲ ನರ್ಸ್ ಕಳಿಸುವವಳ ಅಮ್ಮನಿಗೆ ಬೇರೆ ನರ್ಸ್ ಬೇಡವಂತೆ, ಮಗಳೇ ಬೇಕಂತೆ. ಸಭೆ ತಪ್ಪಿಸಿದರೆ ಕುರ್ಚಿಗೆ ಸಂಚಕಾರ. ಆದರೆ ಬದಲಿಯೊಬ್ಬರನ್ನು ಕಳಿಸಬಹುದಿತ್ತು. ಗಲ್ಫಿನಲ್ಲಿ ನನ್ನದೇ ವಾರ್ಡಿನಲ್ಲಿದ್ದು, ಈಗ ನನ್ನಲ್ಲೇ ದುಡಿಯುತ್ತಿದ್ದ ಗೆಳತಿಯನ್ನು ಕಳಿಸಿದೆ. ಯಾವ ಡಾಕ್ಟರಿಗೆ ಹೊಗಳಿಕೆ ಬೇಕು, ಯಾರು ಫೋನ್ ಮಾಡಿದರೆ ಮಾತ್ರ ಕೆಲಸ ಕೊಡುತ್ತಾರೆ, ಯಾರ ಮಗಳ ಮದುವೆ ಎಂದೆಲ್ಲ ಕೂರಿಸಿಕೊಂಡು ಹೇಳಿಕೊಟ್ಟೆ. ನನ್ನಂಥ ಪೆದ್ದಿ ಇಡೀ ಮಂಗಳೂರಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಆರು ವಾರ ಕಳೆದು ನಾನು ಹೋದಾಗ ನನ್ನ ಕುರ್ಚಿಯಲ್ಲಿ ಅವಳಿದ್ದಳು. ಮುಂದೆ ಅವಳದೇ ಹೊಸ ಏಜೆನ್ಸಿಯ ಕಾರ್ಡುಗಳ ಕಟ್ಟು. ಪಂಪ್‌ವೆಲ್ಲಿನಲ್ಲಿ ಟೈಲ್ಸ್ ಅಂಗಡಿಯಿದ್ದ ಕೂಟದ ಅಧ್ಯಕ್ಷರು ನನ್ನನ್ನು ಬದಿಗೆ ಕರೆದರು.

"ಎಂತ ಮಾಡುವುದು ಮೇಡಂ, ನೀವು ಬರಲೇ ಇಲ್ಲ. ಬರುವವರಿಗೆ ಸೀಟ್ ಕೊಡದೆ ಆಗ್ತದಾ? ವೋಟಿಗೆ ಹಾಕಿದೆವು."

ಅಮ್ಮ ಹೇಗಿದ್ದಾರೆ ಎಂದು ಬಾಯಿಮಾತಿಗೂ ಕೇಳಲಿಲ್ಲ. ನಾಲ್ಕು ವರ್ಷ ಇವರ ಗೃಹಪ್ರವೇಶ, ನಾಮಕರಣಗಳಿಗೆಲ್ಲ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಅದನ್ನು ಸ್ನೇಹ ಅಂದುಕೊಂಡದ್ದು ನನ್ನ ಕರ್ಮ.

ಆ ಕೂಟದಿಂದ ಅಮ್ಮನನ್ನು ನೋಡಲು ಬಂದದ್ದು ಆ ಗೆಳತಿಯೊಬ್ಬಳೇ, ಸೇಬು ಹಿಡಿದುಕೊಂಡು. "ಬೇಜಾರ್ ಮಾಡ್ಬೇಡ ಮಾರಾಯ್ತಿ, ಬಿಸ್ನೆಸ್ ಅಲ್ವಾ?" ಅಂದಳು. ಮುಖಕ್ಕೆ ಉಗಿಯಬೇಕಿತ್ತು. ಚಾ ಮಾಡಿಕೊಟ್ಟೆ.

ನನ್ನ ನರ್ಸುಗಳು ಒಬ್ಬೊಬ್ಬರಾಗಿ ಅವಳ ಕಡೆ ಹೋದರು. ಏಜೆನ್ಸಿಗೆ ಬೀಗ ಹಾಕಿ ಕೊನೆಗೆ ನಾನೂ ಅವಳಲ್ಲೇ ಕೆಲಸಕ್ಕೆ ಹೋದೆ.

ಕಳೆದ ಬುಧವಾರ ಅವಳಿಗೆ ಜ್ವರ. ಬದಲಿಯಾಗಿ ನನ್ನನ್ನು ಕಳಿಸಿದಳು. ನನ್ನ ಸರದಿ ಬಂದಾಗ ಎದ್ದು ನಿಂತು ಅವಳ ಏಜೆನ್ಸಿಯ ಹೆಸರು ಹೇಳಿದೆ, ನಮ್ಮಲ್ಲಿ ನಂಬಿಕೆಯ ನರ್ಸುಗಳು ಉಂಟು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.