ಒಂದೇ ಕೈಯಲ್ಲಿ ಆಡುವ ಆಟ

ನನ್ನ ತಮ್ಮನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಾನು ಜಪಾನಿನ ವಿಡಿಯೊ ಗೇಮುಗಳ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ತಿಳಿದುಕೊಂಡೆ. ತಿಳಿಯಬೇಕೆಂಬ ಆಸೆ ಇರಲಿಲ್ಲ. ಅವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದೆ, ನೋಡಲು ಬೇರೇನೂ ಇರಲಿಲ್ಲ, ಅಷ್ಟೆ.

ಬಸವಕಲ್ಯಾಣದಲ್ಲಿ ಅವನದು ಮೋಟಾರ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ. ಕಾಯಿಲೆ ಗೊತ್ತಾದ ಮೇಲೆ ಅಂಗಡಿ ಮುಚ್ಚಿತು. ಡಯಾಲಿಸಿಸ್ ವಾರಕ್ಕೆ ಎರಡು ಸಲ, ಹುಮನಾಬಾದಿನಲ್ಲಿ. ಅವ್ವನಿಗೆ ಮೊಣಕಾಲು ನೋವು, ಬಸ್ ಹತ್ತಿ ಇಳಿಯಲಾಗದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಹೆಡ್‌ಮಾಸ್ತರರನ್ನು ಕೇಳಿಕೊಂಡು ನನ್ನ ಪಾಠಗಳನ್ನೆಲ್ಲ ಉಳಿದ ದಿನಗಳಿಗೆ ತಳ್ಳಿಕೊಂಡೆ. ಆ ಎರಡು ದಿನ ತಮ್ಮನ ಜೊತೆ ಹೋಗುವುದು, ಉಳಿದ ದಿನ ಗಂಟಲು ಒಣಗುವ ತನಕ ಪಾಠ ಮಾಡುವುದು. ಭಾನುವಾರ ಬಟ್ಟೆ ಒಗೆಯುವಷ್ಟರಲ್ಲಿ ಮುಗಿಯುತ್ತಿತ್ತು.

ಆಟದ ಯಂತ್ರವನ್ನು ತಂದುಕೊಟ್ಟವನು ತಮ್ಮನ ಹಳೆಯ ಗೆಳೆಯ. ಹೈದರಾಬಾದಿನಲ್ಲಿ ಇರುವವನು, ತಾನು ಆಡಿ ಬಿಟ್ಟದ್ದನ್ನು ಕೊಟ್ಟ. ಕೈಯಲ್ಲಿ ಹಿಡಿದು ಆಡುವಂಥದ್ದು. ಅದರಲ್ಲಿ ಓಡುವ, ಗುಂಡು ಹೊಡೆಯುವ ಆಟಗಳೂ ಇದ್ದವು. ಆದರೆ ಡಯಾಲಿಸಿಸ್‌ನ ಸೂಜಿಗಳು ಎಡಗೈಗೆ ಚುಚ್ಚಿರುತ್ತವೆ, ಆ ಕೈ ಅಲ್ಲಾಡಿಸುವಂತಿಲ್ಲ. ಒಂದೇ ಕೈಯಲ್ಲಿ ಆಡಲು ಹೋದರೆ ಆ ಆಟಗಳಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಾಯುತ್ತಿದ್ದ. ಕೊನೆಗೆ ಉಳಿದದ್ದು ಜಪಾನಿನವರು ಮಾಡಿದ ಉದ್ದ ಕಥೆಯ ಆಟಗಳು. ನಾಲ್ಕು ಜನ ಊರೂರು ತಿರುಗುತ್ತಾರೆ, ದಾರಿಯಲ್ಲಿ ರಾಕ್ಷಸರು ಸಿಗುತ್ತಾರೆ, ಒಬ್ಬೊಬ್ಬರ ಪಾಳಿ ಬಂದಾಗ ಒಬ್ಬೊಬ್ಬರು ಹೊಡೆಯುತ್ತಾರೆ. ನೀವು ಗುಂಡಿ ಒತ್ತುವ ತನಕ ರಾಕ್ಷಸ ನಿಂತಲ್ಲೇ ನಿಂತಿರುತ್ತಾನೆ. ತಮ್ಮ ಯಂತ್ರವನ್ನು ಹೊಟ್ಟೆಯ ಮೇಲೆ ದಿಂಬಿಗೆ ಒರಗಿಸಿಟ್ಟು, ಬಲಗೈಯೊಂದನ್ನೇ ಆಚೆ ಈಚೆ ಸರಿಸುತ್ತ ಆಡುತ್ತಿದ್ದ. ನರ್ಸ್ ಬಿ.ಪಿ. ನೋಡಲು ಬಂದರೆ ಹಾಗೇ ಬಿಡುತ್ತಿದ್ದ.

“ನೋಡಕ್ಕಾ, ಎಷ್ಟ್ ಸಬರ್ ಅದ ಈ ರಾಕ್ಷಸರಿಗಿ. ನಾ ಬರೂ ತನಕ ಕಾಯ್ತಾರ,” ಎಂದು ನಗುತ್ತಿದ್ದ.

ಮಾತೆಲ್ಲ ಇಂಗ್ಲಿಷಿನಲ್ಲಿತ್ತು. ಅವನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ನಾನು ಓದಿ ಹೇಳಬೇಕು. ಹಾಗೆ ಹೇಳುವಾಗಲೇ ನನಗೆ ಈ ಆಟಗಳ ಮೊದಲ ದೋಷ ಕಂಡದ್ದು. ಅವರು ವಿಪರೀತ ಮಾತಾಡುತ್ತಾರೆ. ಮಡಿದ ತಾಯಿ, ಕಳೆದ ನೆನಪು, ಗೆಳೆತನದ ಬಲ ಎಂದು ಒಂದೇ ವಿಷಯವನ್ನು ಮೂರು ಜನ ಮೂರು ರೀತಿ ಹೇಳಿ, ನಾಲ್ಕನೆಯವನು “ಅಂದರೆ?” ಎಂದು ಮತ್ತೆ ಕೇಳುತ್ತಾನೆ. ಮೀಸೆ ಚಿಗುರದ ಹುಡುಗರೇ ಜಗತ್ತನ್ನು ಉಳಿಸಬೇಕು. ದೊಡ್ಡವರು ಬಾಗಿಲಲ್ಲಿ ನಿಂತು ಒಂದೇ ವಾಕ್ಯವನ್ನು ಜಪಿಸುತ್ತಾರೆ. ಅದಕ್ಕಿಂತ ದೊಡ್ಡ ದಣಿವು ಬಡಿದಾಟದ್ದು. ಮುಂದಿನ ಊರಿಗೆ ಹೋಗುವ ಶಕ್ತಿ ಬರಬೇಕಾದರೆ ಅದೇ ಹುಲ್ಲಿನಲ್ಲಿ ಸುತ್ತಾಡಿ ಅದೇ ಪ್ರಾಣಿಗಳನ್ನು ಮತ್ತೆ ಮತ್ತೆ ಕೊಲ್ಲಬೇಕು.

“ಬ್ಯಾಸರ ಬರಲ್ಲೇನೋ?” ಎಂದರೆ, “ಮೋಟಾರಿಗಿ ಕಾಯಿಲ್ ಸುತ್ತಿದಂಗ ಇದು. ಕೈ ತಾನ ನಡೀತಾದ, ತಲಿ ಖಾಲಿ ಇರ್ತಾದ,” ಎನ್ನುತ್ತಿದ್ದ.

ಪಕ್ಕದ ಹಾಸಿಗೆಗೆ ಘಾಟಬೋರಾಳದ ಒಬ್ಬ ಹೆಂಗಸು ಬರುತ್ತಿದ್ದಳು. ಮನೆಯಲ್ಲಿ ಕುರಿ ಮೇಕೆ ಸಾಕಿದವಳು, ಅವ್ವನ ವಯಸ್ಸು. ಮೊದಮೊದಲು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನಾನು ಕಥೆಯನ್ನು ಕನ್ನಡದಲ್ಲಿ ಹೇಳುವುದು ಕಿವಿಗೆ ಬಿದ್ದು ಮೆಲ್ಲಗೆ ಈ ಕಡೆ ತಿರುಗಿದಳು. ಆಮೇಲೆ ನಾವು ಬಂದ ಕೂಡಲೇ, “ಅವರು ಗುಡ್ಡ ದಾಟಿದ್ರೇನ್ರಿ?” ಎಂದು ಕೇಳುವಳು.

ಒಂದು ದಿನ ಅವಳು, “ಆ ನಾಕ್ ಮಂದ್ಯಾಗಿನ ಬಿಳಿ ಅಂಗಿ ಹುಡುಗಿ ಎಲ್ಲಾರಿಗಿ ಮದ್ದ ಕೊಡ್ತಾಳ. ಅಕಿಗಿ ಯಾರ್ ಕೊಡ್ತಾರ್ರಿ?” ಎಂದಳು.

“ಅಕೀನ ಕೊಟ್ಕೋತಾಳ್ರಿ ಆಯಿ. ಆದ್ರ ಅಕಿ ಪಾಳಿ ಅದ್ರಾಗ ಹೋಗ್ತಾದ,” ಎಂದ ತಮ್ಮ.

“ಮತ್ತ ಹೊಡಿಯೂದು ಯಾವಾಗ?”

“ಅಕಿ ಹೊಡ್ಯಂಗೇ ಇಲ್ರಿ.”

ಹೆಂಗಸು ನನ್ನ ಮುಖ ನೋಡಿದಳು. ನಾನು ಚೀಲದಿಂದ ತಮ್ಮನ ಟಿಫಿನ್ ಡಬ್ಬಿ ತೆಗೆಯುತ್ತಿದ್ದೆ. “ನೀನೂ ಏನರ ತಿನ್ನವಾ,” ಎಂದಳು. ಅವತ್ತು ನಾನು ಬೆಳಿಗ್ಗೆಯಿಂದ ಚಹಾ ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ ಎಂಬುದು ಅವಳು ಹೇಳಿದ ಮೇಲೆ ನೆನಪಾಯಿತು.

ಮಳೆಗಾಲ ಕಳೆದು ಜೋಳ ಬಿತ್ತುವ ಹೊತ್ತಿಗೆ ಆಟ ಕೊನೆಗೆ ಬಂತು. ತಮ್ಮ ಅದನ್ನು ಮನೆಯಲ್ಲೇ ಮುಗಿಸಿದ. ದೊಡ್ಡ ರಾಕ್ಷಸ ಸತ್ತ, ಆದರೆ ಬಿಳಿ ಅಂಗಿಯ ಹುಡುಗಿಯೂ ಸತ್ತಳು. ಗೆಳೆಯನಿಗೆ ಫೋನ್ ಮಾಡಿದಾಗ ಗೊತ್ತಾಯಿತು: ಶುರುವಿನಲ್ಲಿ ಒಂದು ಊರಿನ ಬಾವಿಯ ಬಳಿ ಕೂತ ಮುದುಕನನ್ನು ಮಾತಾಡಿಸಿದ್ದರೆ ಅವಳು ಉಳಿಯುತ್ತಿದ್ದಳಂತೆ. ಅದನ್ನು ಆಟ ಎಲ್ಲಿಯೂ ಹೇಳುವುದಿಲ್ಲ. ಈಗ ಅವಳು ಬೇಕೆಂದರೆ ಎಲ್ಲವನ್ನೂ ಮೊದಲಿನಿಂದ ಆಡಬೇಕು.

ತಮ್ಮ ಫೋನು ಇಟ್ಟು ಆಟದ ಯಂತ್ರವನ್ನು ಆರಿಸಿದ. ಮರುದಿನ ಡಯಾಲಿಸಿಸ್ ಇತ್ತು, ಬಸ್ಸಿನ ಹೊತ್ತಾದರೂ ಏಳಲಿಲ್ಲ.

“ನಾ ಬರಂಗಿಲ್ಲ ಇವತ್ತ,” ಎಂದ.

“ಆಟದ ಸಲುವಾಗಿ ಹಿಂಗ ಮಾಡ್ತಾರೇನೋ?”

“ಆಟದ ಸಲುವಾಗಿ ಅಲ್ಲಕ್ಕಾ. ನಾ ಎಲ್ಲಾ ಹೇಳಿದಂಗ ಮಾಡೀನಿ. ಉಪ್ಪ ಬಿಟ್ಟೀನಿ, ನೀರ ಅಳತಿ ಮಾಡಿ ಕುಡ್ಯಾಕತ್ತೀನಿ. ಎಲ್ಲಿ ತಪ್ಪಿತು ಅಂತ ಯಾರೂ ಹೇಳ್ಲಿಲ್ಲಲ್ಲ ನನಗ?”

ಅವ್ವ ವಿಭೂತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನ ಹಣೆಗೆ ಹಚ್ಚಿ ಒಳಗೆ ಹೋದಳು. ನಾನು ಅಂಗಲಾಚಿದೆ, ಬೈದೆ, ಆಮೇಲೆ ಎರಡಕ್ಕೂ ಶಕ್ತಿ ಸಾಲದೆ, ಪಾಠವಿಲ್ಲದಿದ್ದರೂ ಶಾಲೆಗೆ ಹೋದೆ. ಆ ದಿನ ಅವನು ಮನಸ್ಸಿಗೆ ಬಂದಷ್ಟು ನೀರು ಕುಡಿದ. ಮಾರನೆಯ ಬೆಳಿಗ್ಗೆ ಮುಖ ಊದಿತ್ತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಓಣಿಯವರೊಬ್ಬರ ಕಾರಿನಲ್ಲಿ ಹುಮನಾಬಾದಿಗೆ ಒಯ್ದೆವು. ದಾರಿಯುದ್ದಕ್ಕೂ ಅವನು ಮುಂದಿನ ಸೀಟನ್ನು ತಬ್ಬಿಕೊಂಡು ಬಾಗಿ ಕೂತಿದ್ದ. ನಾನು ಬೆನ್ನು ಸವರುತ್ತಿದ್ದೆ.

ಆಮ್ಲಜನಕ ಹಾಕಿ, ಕೂಡಲೇ ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಿದರು. ಮಧ್ಯಾಹ್ನದ ಹೊತ್ತಿಗೆ ಉಸಿರು ನೆಟ್ಟಗಾಯಿತು. ಆಗ ಅವನು ಮೊದಲು ಹೇಳಿದ್ದು, “ಅಕ್ಕಾ, ಅಂಜಿಕಿ ಬಂತು ನನಗ,” ಎಂದು.

“ನನಗೂ,” ಎಂದೆ. ಅಳು ಬರಲಿಲ್ಲ. ನಿದ್ದೆ ಬಂತು. ಅವನ ಹಾಸಿಗೆಯ ಕಂಬಿಗೆ ತಲೆ ಆನಿಸಿ ಮಲಗಿಬಿಟ್ಟೆ. ಎದ್ದಾಗ ಯಾರೋ ನನ್ನ ಮೇಲೆ ಶಾಲು ಹೊದಿಸಿದ್ದರು.

ಅಲ್ಲಿಂದಾಚೆ ಅವನು ಒಂದು ದಿನವೂ ತಪ್ಪಿಸಲಿಲ್ಲ. ಘಾಟಬೋರಾಳದ ಹೆಂಗಸು ಮಧ್ಯಾಹ್ನದ ಪಾಳಿಗೆ ಬದಲಾದಳು. ಎದುರಾದಾಗಲೆಲ್ಲ ಬಾಗಿಲಲ್ಲೇ ನಿಂತು ಮಾತಾಡುತ್ತಾಳೆ. ಹುಡುಗಿ ಸತ್ತದ್ದನ್ನು ನಾವು ಅವಳಿಗೆ ಹೇಳಿಲ್ಲ. ತಮ್ಮ ಈಗ ಹೊಸ ಬಗೆಯದೊಂದು ಜಪಾನಿ ಆಟ ಹಿಡಿದಿದ್ದಾನೆ. ಅದರಲ್ಲಿ ಪಾಳಿ ಇಲ್ಲ, ಎಲ್ಲರೂ ಒಟ್ಟಿಗೇ ಹೊಡೆಯುತ್ತಾರೆ, ಎರಡೂ ಕೈ ಬೇಕು. ಹಾಗಾಗಿ ಮನೆಯಲ್ಲೇ ಆಡುತ್ತಾನೆ, ಆಸ್ಪತ್ರೆಯಲ್ಲಿ ನಿದ್ದೆ ಮಾಡುತ್ತಾನೆ. ಅಂಗಡಿಯ ಬಾಗಿಲನ್ನೂ ಬೆಳಗಿನ ಹೊತ್ತು ತೆರೆಯುತ್ತಿದ್ದಾನೆ, ಸಣ್ಣ ಮೋಟಾರುಗಳಷ್ಟೇ.

ಮೊನ್ನೆ ಹುಮನಾಬಾದಿನಿಂದ ಬರುವಾಗ ಬಸ್ಸಿನಲ್ಲಿ ಕೇಳಿದ, “ಖರೇ ಹೇಳು, ಯಾವುದು ಚಲೋ? ಹಳೇದೋ, ಹೊಸಾದೋ?”

ಹೊಸದರಲ್ಲಿ ಚಿತ್ರ ಚೆನ್ನ, ಮಾತು ಕಡಿಮೆ, ಹುಲ್ಲಿನಲ್ಲಿ ಸುತ್ತಾಡುವ ಶಿಕ್ಷೆ ಇಲ್ಲ, ತಪ್ಪಿದ್ದನ್ನು ಹಿಂದೆ ಹೋಗಿ ಸರಿಮಾಡಲೂ ಬರುತ್ತದೆ ಎಂದೆ. ಆದರೆ ಗದ್ದಲದಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದು ನನಗೆ ತಿಳಿಯುವುದಿಲ್ಲ. ಹಳೆಯದರ ಊರುಗಳ ಸಂಗೀತವಾದರೂ ತಲೆಯಲ್ಲಿ ಉಳಿದಿದೆ, ಸೌಟು ಹಿಡಿದಾಗ ತಾನಾಗಿ ಬಾಯಿಗೆ ಬರುತ್ತದೆ.

“ಅಂದ್ರ ಹಳೇದು?”

“ಎರಡೂ ಭಾಳ ಉದ್ದ ಅವ,” ಎಂದೆ.

“ಉದ್ದ ಇದ್ರೇ ಚಲೋ ಅಕ್ಕಾ,” ಎಂದು ಅವನು ವಾದಕ್ಕೆ ಇಳಿದ. ಹೆದ್ದಾರಿಯ ಮೇಲಿನ ನಮ್ಮೂರ ನಿಲ್ದಾಣ ಬಂಗ್ಲಾ ಬಂತೆಂದು ಕಂಡಕ್ಟರ್ ಕೂಗಿದ. ಊರಿಗೆ ಹೋಗುವ ಆಟೊಗಳು ಆಗಲೇ ತುಂಬುತ್ತಿದ್ದವು. ಚೀಲ ಎತ್ತಿಕೊಂಡು ಇಳಿದೆವು.