ಹತ್ತೊಂಬತ್ತು ಸೆಕೆಂಡಿನ ಭಾಷಣಕ್ಕೆ ನಾನು ಬರೆದ ವ್ಯಾಖ್ಯಾನ

ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದಾಗ ಚುನಾವಣೆ ಬಂತು. ಶಿವಾಜಿನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ನನ್ನನ್ನು ವಿಡಿಯೊ ವ್ಯೂಯಿಂಗ್ ಟೀಮಿಗೆ ಹಾಕಿದರು. ಪ್ರಚಾರ ಸಭೆಗಳ ರೆಕಾರ್ಡಿಂಗ್ ನೋಡಿ, ನೀತಿ ಸಂಹಿತೆಗೆ ವಿರುದ್ಧವಾದ ಮಾತು ಸಿಕ್ಕರೆ ಅದನ್ನು ಅಕ್ಷರಶಃ ಬರೆದು ಮೇಲಿನವರಿಗೆ ಕೊಡುವುದು ಈ ತಂಡದ ಕೆಲಸ. ಕುಕ್ ಟೌನಿನ ನೆರೆಹೊರೆಯವರಿಂದ ತಮಿಳು, ಮೂವತ್ತು ವರ್ಷ ಪಾಠ ಹೇಳಿದ ಶಿಷ್ಯರಿಂದ ದಖನಿ ಉರ್ದು ನನಗೆ ಬಂದಿತ್ತು. ಕಂಟೋನ್ಮೆಂಟಿನ ಭಾಷಣಗಳು ಒಂದೇ ಉಸಿರಿನಲ್ಲಿ ಮೂರು ಭಾಷೆ ಸುತ್ತಿ ಬರುವುದರಿಂದ ಆ ದಿನಗಳಲ್ಲಿ ನನಗೂ ಸ್ವಲ್ಪ ಬೆಲೆ ಇತ್ತು.

ಮತದಾನಕ್ಕೆ ಇನ್ನೂ ಹದಿನಾರು ದಿನ ಇರುವಾಗ ಮರ್ಫಿ ಟೌನಿನ ಸಭೆಯ ಒಂದು ಕ್ಲಿಪ್ ಬಂತು. ಹತ್ತೊಂಬತ್ತು ಸೆಕೆಂಡಿನದು. ಅಭ್ಯರ್ಥಿ ಮೈಕ್ ಹಿಡಿದು ಹೇಳಿದ್ದು ಇಷ್ಟೇ: “ಈ ಒಂದ್ಸಲ ಬಂದು ಓಟ್ ಹಾಕ್ಬಿಡಿ. ಆಮೇಲೆ ನೀವು ಓಟ್ ಹಾಕೋ ಅವಶ್ಯಕತೆನೇ ಇರಲ್ಲ. ಎಲ್ಲಾ ನಾವೇ ನೋಡ್ಕೋತೀವಿ.”

ಸಂಜೆಯೊಳಗೆ ಟೀವಿಗಳಲ್ಲಿ ಗುಲ್ಲೋ ಗುಲ್ಲು. ಚುನಾವಣೆಯನ್ನೇ ನಿಲ್ಲಿಸುವ ಬೆದರಿಕೆ ಇದು ಎಂದು ಒಂದು ಪಕ್ಷ. ಎಲ್ಲ ಕೆಲಸ ಮಾಡಿ ಮುಗಿಸುತ್ತೇವೆ ಎಂಬ ಭರವಸೆ ಅಷ್ಟೇ ಎಂದು ಇನ್ನೊಂದು. ಎರಡೇ ದಿನದಲ್ಲಿ ನಮ್ಮ ಕಚೇರಿಗೆ ಈ ಮಾತಿನ ಮೇಲೆ ಆರು ದೂರು ಬಂದವು.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ಒಂದೇ ಕ್ಲಿಪ್ಪಿನ ಮೇಲೆ ಹಲವು ದೂರು ಬಂದರೆ ಅವನ್ನು ‘ಕ್ಲಬ್’ ಮಾಡುತ್ತೇವೆ, ಅಂದರೆ ಟ್ಯಾಗು ಹಾಕಿ ಒಂದೇ ಫೈಲಿನಲ್ಲಿ ಸೇರಿಸಿ, ಎಲ್ಲಕ್ಕೂ ಸೇರಿ ಒಂದೇ ಉತ್ತರ ಕೊಡುತ್ತೇವೆ. ದೂರು ಯಾವ ಕ್ಲಿಪ್ಪಿಗೆ ಸೇರಿದ್ದು ಎನ್ನುವುದು ಮೊದಲ ಪ್ಯಾರಾದಲ್ಲೇ ತಿಳಿಯುತ್ತದೆ. ಆರರಲ್ಲಿ ಐದು ಕಂಪ್ಯೂಟರಿನಲ್ಲಿ ಟೈಪಾಗಿದ್ದವು, ಪಕ್ಷಗಳ ವಕೀಲರು ಕೊಟ್ಟವು. ಆರನೆಯದು ಕೈಬರಹದ್ದು, ಎರಡು ಪುಟ. “ಮಾನ್ಯರೇ, ನಮ್ಮ ಬೀದಿಯಲ್ಲಿ ಸಭೆ ನಡೆದು, ಇನ್ನು ಮುಂದೆ ಓಟು ಹಾಕುವ ಅವಶ್ಯಕತೆ ಇಲ್ಲ ಎಂದು ಹೇಳಿರುತ್ತಾರೆ” ಎಂದು ಶುರುವಾಗಿತ್ತು. ದುಂಡನೆಯ ಅಕ್ಷರ. ನಾನು ಮೆಚ್ಚಿಕೊಂಡೆ, ಟ್ಯಾಗು ಹಾಕಿದೆ.

ಆಮೇಲೆ ನಮ್ಮ ತಂಡದ ಉಸ್ತುವಾರಿಯ ನೋಡಲ್ ಆಫೀಸರ್ ಮೇಡಂ ಕರೆದು, “ಮೇಷ್ಟ್ರೇ, ಬರೀ ಟ್ರಾನ್ಸ್‌ಕ್ರಿಪ್ಟ್ ಸಾಲಲ್ಲ. ಈ ಮಾತಿಗೆ ಅರ್ಥ ಏನು ಅಂತ ನೀವೇ ಒಂದು ಅಭಿಪ್ರಾಯ ಬರ್ಕೊಡಿ” ಎಂದರು.

ನಿಜ ಹೇಳಬೇಕೆಂದರೆ ಹಿಗ್ಗಿಹೋದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಸರ್ಕಾರ ನನ್ನನ್ನು ಜನಗಣತಿಗೆ ಕರೆದಿದೆ, ಪರೀಕ್ಷಾ ಕೊಠಡಿಗೆ ಕರೆದಿದೆ, ಅಭಿಪ್ರಾಯಕ್ಕೆ ಎಂದೂ ಕರೆದಿರಲಿಲ್ಲ. ಎರಡು ದಿನ ಬೇರೆ ಕೆಲಸ ಬಿಟ್ಟು ಕೂತು ಆ ಹತ್ತೊಂಬತ್ತು ಸೆಕೆಂಡನ್ನು ನಲವತ್ತು ಸಲವಾದರೂ ಕೇಳಿದೆ. ದನಿ ಎಲ್ಲಿ ಏರಿತು, ಜನ ಎಲ್ಲಿ ನಕ್ಕರು, ಹಿಂದಿನ ವಾಕ್ಯ ಯಾವುದು, ಎಲ್ಲವನ್ನೂ ತೂಗಿ ಮೂರು ಪುಟ ಬರೆದೆ. ಕೊನೆಗೆ ನನ್ನ ತೀರ್ಮಾನ: ಸಂದರ್ಭವನ್ನು ನೋಡಿದರೆ ಇದು ವೇದಿಕೆಯ ಉತ್ಪ್ರೇಕ್ಷೆ, ಬೆದರಿಕೆಯೆನ್ನಲು ಆಧಾರವಿಲ್ಲ. ಮೇಡಂ ಓದಿ, “ಚೆನ್ನಾಗಿದೆ” ಎಂದು ಸಹಿ ಹಾಕಿದರು. ಆರೂ ದೂರುಗಳು ಒಟ್ಟಿಗೆ ಮುಕ್ತಾಯವಾದವು.

ಮತದಾನ ಮುಗಿದ ಮೂರನೆಯ ದಿನ ಬೆಳಗ್ಗೆ ಒಬ್ಬ ಹೆಂಗಸು ಸ್ವೀಕೃತಿ ಚೀಟಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತರು. ಹೆಸರು ಕಸ್ತೂರಿ, ಐವತ್ತರ ಆಸುಪಾಸು. ಇಂದಿರಾನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ, ಸಮವಸ್ತ್ರದಲ್ಲೇ ಬಂದಿದ್ದರು.

“ಸಾರ್, ನಾನು ಕೊಟ್ಟ ಲೆಟರ್ ಏನಾಯ್ತು?”

ಫೈಲು ತೆಗೆದು, ಪರಿಶೀಲನೆ ಮಾಡಿದ್ದೇವಮ್ಮ, ಆ ಮಾತಿನಲ್ಲಿ ತಪ್ಪು ಅರ್ಥ ಕಂಡುಬಂದಿಲ್ಲ ಎಂದೆ.

“ಮಾತಿನ ಅರ್ಥ ನಾನೆಲ್ಲಿ ಸಾರ್ ಕೇಳ್ದೆ? ನಾನು ಕಾರ್ಡ್ ಕೇಳ್ದೆ.”

ಆಗ ಎರಡನೆಯ ಪುಟ ತಿರುಗಿಸಿದೆ. ಸಭೆಯ ಮರುದಿನ ನಾಲ್ಕು ಜನ ಬೀದಿಗೆ ಬಂದು, ನಮ್ಮ ಲೀಡರ್ ಹೇಳಿದ್ದು ಕೇಳಿಸಿಕೊಂಡಿರಲ್ಲ, ಇನ್ನು ಹಳೆ ಕಾರ್ಡ್ ಬೇಡ, ಹೊಸದು ಮಾಡಿಸಿಕೊಡುತ್ತೇವೆ ಎಂದು ಹನ್ನೊಂದು ಮನೆಗಳಿಂದ ಕಾರ್ಡುಗಳನ್ನು ಒಯ್ದಿದ್ದರು. ಕಸ್ತೂರಿ ಕೆಲಸದಲ್ಲಿದ್ದಾಗ ಅವರ ಅತ್ತೆ ಟೀವಿ ಮೇಲಿದ್ದ ಪ್ಲಾಸ್ಟಿಕ್ ಕವರನ್ನು ಹಾಗೇ ಕೊಟ್ಟುಬಿಟ್ಟಿದ್ದರು. ವೋಟರ್ ಕಾರ್ಡ್, ಆಧಾರ್ ಎರಡೂ ಅದರಲ್ಲೇ ಇದ್ದವು. ಪತ್ರದ ಕೊನೆಯ ಸಾಲು: “ಆದ್ದರಿಂದ ಓಟಿನ ದಿನದೊಳಗೆ ನಮ್ಮ ಕಾರ್ಡುಗಳನ್ನು ವಾಪಸ್ ಕೊಡಿಸಬೇಕೆಂದು ಕೋರುತ್ತೇನೆ.”

ಪತ್ರ ಬಂದಾಗ ಓಟಿಗೆ ಇನ್ನೂ ಹದಿನಾಲ್ಕು ದಿನ ಇತ್ತು.

“ಬೂತಿಗೆ ರೇಷನ್ ಕಾರ್ಡ್ ತಗೊಂಡು ಹೋದೆ ಸಾರ್. ಅದು ನಡಿಯಲ್ಲ ಅಂತ ವಾಪಸ್ ಕಳಿಸ್ಬಿಟ್ರು. ನಾವು ಆ ಪಕ್ಷದ ಕಡೆಯವರಲ್ಲ ಅಂತ ಕಾರ್ಡ್ ಒಯ್ದೋರಿಗೆ ಗೊತ್ತು. ಓಟ್ ಆದ ಮಾರನೇ ದಿನ ಎಲ್ಲಾ ಕಾರ್ಡು ಒಂದು ಚೀಲದಲ್ಲಿ ಹಾಕಿ ಅಂಗಡಿ ಮುಂದೆ ಇಟ್ಟು ಹೋಗಿದ್ರು.” ಕಾರ್ಡನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. “ಹದಿನೆಂಟು ತುಂಬಿದಾಗಿಂದ ಒಂದು ಎಲೆಕ್ಷನ್ನೂ ತಪ್ಪಿಸಿರ್ಲಿಲ್ಲ.”

ಅಳಲಿಲ್ಲ, ಕೂಗಾಡಲಿಲ್ಲ. ಡ್ಯೂಟಿಗೆ ಹೊತ್ತಾಯಿತು ಎಂದು ಕಾರ್ಡನ್ನು ಮತ್ತೆ ಪರ್ಸಿಗೆ ಹಾಕಿಕೊಂಡು ಹೊರಟುಹೋದರು. ನಾನು ಕ್ಷಮಿಸಿ ಎಂದು ಕೂಡ ಹೇಳಲಿಲ್ಲ.

ಮೇಡಂಗೆ ಎರಡನೆಯ ಪುಟ ತೋರಿಸಿದೆ. ಅವರೂ ಓದಿರಲಿಲ್ಲ, ನನ್ನ ಮೂರು ಪುಟ ಓದಿದ್ದರು. “ಪೋಲಿಂಗ್ ಮುಗಿದುಹೋಗಿದೆಯಲ್ಲ ಮೇಷ್ಟ್ರೇ. ಒಂದು ನೋಟ್ ಹಾಕಿ ಪೊಲೀಸಿಗೆ ಕಳಿಸಿ” ಎಂದರು. ಕಳಿಸಿದೆ. ಮುಂದೇನಾಯಿತೋ ನನಗೆ ತಿಳಿಯಲಿಲ್ಲ. ಮಧ್ಯಾಹ್ನ ಎಂದಿನಂತೆ ಡಬ್ಬಿ ತೆರೆದು ಮೊಸರನ್ನ ತಿಂದೆ. ಏನೂ ಅನಿಸಲಿಲ್ಲ. ಆಮೇಲೆ ಎಷ್ಟೋ ದಿನ ಕಾದೆ, ನಾಚಿಕೆಯಾದರೂ ಬರಲಿ ಎಂದು. ಮೈಗೆ ಜೋಮು ಹಿಡಿದ ಹಾಗೆ ಇತ್ತು, ಅಷ್ಟೇ.

ಆ ಮಾತಿಗೆ ಅರ್ಥವೇನೆಂದು ನಾನು ನಲವತ್ತು ಸಲ ಕೇಳಿ ಹುಡುಕುತ್ತಿದ್ದಾಗ, ಅದು ಒಂದು ಬೀದಿಯಲ್ಲಿ ಆಗಲೇ ಕೆಲಸ ಮಾಡಿ ಮುಗಿಸಿತ್ತು. ಅದು ಗೊತ್ತಿದ್ದವರೊಬ್ಬರು ಬರೆದುಕೊಟ್ಟ ಪತ್ರ ನನ್ನ ಕೈಗೇ ಬಂದಿತ್ತು.

ಕಸ್ತೂರಿಯದು ಏನೂ ತಪ್ಪಿರಲಿಲ್ಲ. ಏಳನೇ ತರಗತಿಯವರೆಗೆ ಓದಿದ್ದರಂತೆ. ಮೊದಲು ಪೀಠಿಕೆ, ಆಮೇಲೆ ವಿವರ, ಕೋರಿಕೆ ಕೊನೆಗೆ: ನನ್ನಂಥ ಮೇಷ್ಟ್ರುಗಳು ಹೇಳಿಕೊಟ್ಟಂತೆಯೇ ಬರೆದಿದ್ದರು. ಶಾಲೆಗೆ ಮರಳಿದ ಮೇಲೆ ಪತ್ರಲೇಖನದ ಪಾಠ ಬಂದಾಗ ಬೋರ್ಡಿನ ಮೇಲೆ ‘ಪೀಠಿಕೆ’ ಎಂದು ಬರೆದು, ಅಳಿಸಿದೆ. ಬೇಕಾದ್ದನ್ನು ಮೊದಲ ಸಾಲಿನಲ್ಲೇ ಬರೆಯಿರಿ ಎಂದೆ. ಹಾಗೆ ಬರೆದರೆ ಪರೀಕ್ಷೆಯಲ್ಲಿ ಎರಡು ಅಂಕ ಹೋಗುತ್ತದೆ ಸಾರ್ ಎಂದು ಮಕ್ಕಳು ನೆನಪಿಸಿದರು. ಹೌದು, ಹೋಗುತ್ತದೆ ಎಂದೆ. ಹಾಗೆ ಬರೆಯದೆ, ಓದುವವನೂ ನನ್ನಂಥವನಾದರೆ ಎಷ್ಟು ಹೋಗುತ್ತದೆಂದು ಅವರಿಗೆ ಹೇಳಲಿಲ್ಲ.