ನಂಬರ್ ಹಾಡು ಮುಗಿದ ಮೇಲೆ ನೀರು

ಅವರ ಬಲಭುಜ ಎಡಭುಜಕ್ಕಿಂತ ತುಸು ಕೆಳಗಿತ್ತು. ಅಂಗಿಯೂ ಆ ಕಡೆಗೇ ಜಾರಿ, ಕೊರಳ ಹತ್ತಿರದ ಗುಂಡಿ ಯಾವಾಗಲೂ ಬಿಚ್ಚಿಕೊಂಡಿರುತ್ತಿತ್ತು. ವರ್ಷಾನುಗಟ್ಟಲೆ ಅದೇ ಭುಜದ ಮೇಲೆ ನೀರು ಬಿಡುವ ಕೀಲಿ ಹೊತ್ತು ಹಾಗಾಗಿತ್ತು. ಕೀಲಿ ಎಂದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥದ್ದಲ್ಲ, ಎದೆಮಟ್ಟದ ಕಬ್ಬಿಣದ ಸಲಾಕೆ, ಮೇಲೊಂದು ಅಡ್ಡ ಹಿಡಿಕೆ. ಓಣಿಯ ತಿರುವಿನಲ್ಲಿ ನೆಲದೊಳಗಿನ ವಾಲ್ವಿಗೆ ಅದನ್ನು ಇಳಿಸಿ, ಎರಡೂ ಕೈಯಿಂದ ತಿರುವಿದರೆ ಬೆಟಗೇರಿಯ ನಮ್ಮ ಓಣಿಗೆ ನೀರು. ಖಾಲಿ ಕೈಯಲ್ಲಿ ಬರುವಾಗಲೂ ಅವರು ಬಲಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ನಾವು ಮಕ್ಕಳು ಅವರನ್ನು ನೀರಿನ ಕಾಕಾ ಎನ್ನುತ್ತಿದ್ದೆವು.

ನಮ್ಮದು ನೇಕಾರರ ಓಣಿ. ಬೆಳಗಾದರೆ ಮಗ್ಗದ ಸಪ್ಪಳ, ರಾತ್ರಿ ಊಟಕ್ಕೆ ಕೂಡುವತನಕ ಅದೇ ಸಪ್ಪಳ. ನಲ್ಲಿಯ ನೀರು ವಾರಕ್ಕೊಮ್ಮೆ ಸರದಿಯ ಮೇಲೆ ಬರುತ್ತಿತ್ತು. ನಮ್ಮ ಸರದಿ ಶುಕ್ರವಾರ ಸಂಜೆ. ಟಿವಿಯಲ್ಲಿ ಆ ವಾರದ ಹತ್ತು ಹಾಡುಗಳನ್ನು ಸಾಲಾಗಿ ತೋರಿಸುವ ಕಾರ್ಯಕ್ರಮವೊಂದು ಬರುತ್ತಿತ್ತಲ್ಲ, ಅದೂ ಶುಕ್ರವಾರ ಸಂಜೆಯೇ. ವಾರವೆಲ್ಲ ಬರಿದಾಗಿಟ್ಟು, ಇದ್ದಬದ್ದದ್ದನ್ನೆಲ್ಲ ಒಂದೇ ಸಂಜೆ ಸುರಿಯುವ ಬುದ್ಧಿ ದೇವರಿಗೆ ಯಾರು ಕೊಟ್ಟರೋ ಗೊತ್ತಿಲ್ಲ.

ಮಿರಮಿರ ಮಿಂಚುವ ಕೋಟು ಹಾಕಿದ ಒಬ್ಬಾತ ಹಿಂದಿಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತ ಹತ್ತನೆಯ ಹಾಡಿನಿಂದ ಶುರು ಮಾಡುತ್ತಿದ್ದ. ಹೋದ ವಾರ ಏಳರಲ್ಲಿದ್ದ ಹಾಡು ಈ ವಾರ ಮೂರಕ್ಕೆ ಹತ್ತಿದೆ, ಎರಡರಲ್ಲಿದ್ದದ್ದು ಎಂಟಕ್ಕೆ ಬಿದ್ದಿದೆ ಎಂದು ಹೇಳಿ ಹೇಳಿ ಜೀವ ತಿಂದು, ಕಡೆಗೆ ಒಂದನೇ ನಂಬರ್ ತೋರಿಸುತ್ತಿದ್ದ. ಆ ಕಾರ್ಯಕ್ರಮದ ಹೆಸರನ್ನು ನಮ್ಮ ಓಣಿಯವರು ಒಮ್ಮೆಯೂ ನೆಟ್ಟಗೆ ಉಚ್ಚರಿಸಲಿಲ್ಲ. ನಂಬರ್ ಹಾಡು ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಕೇಬಲ್ ಇದ್ದ ಟಿವಿ ಆಗ ಓಣಿಯಲ್ಲಿ ನಮ್ಮದೊಂದೇ. ಶುಕ್ರವಾರ ಸಂಜೆ ಅಪ್ಪ ಮಗ್ಗದ ಕುಣಿಯಿಂದ ಮೇಲೆದ್ದು ಬಂದು ಗೋಡೆಗೆ ಒರಗುತ್ತಿದ್ದ. ಅವನ ಹಿಂದೆ ಓಣಿಯ ಗಂಡಸರು, ಮಕ್ಕಳು. ಯಾವ ಹಾಡು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಚುನಾವಣೆಗೆ ಜಗಳಾಡಿದ ಹಾಗೆ ಜಗಳಾಡುತ್ತಿದ್ದರು. ಹಿಂದಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಕುಣಿತದಲ್ಲಿ ತಿಳಿಯುತ್ತಿತ್ತು.

ಬಾಗಿಲಾಚೆ ಕೂತು ನೋಡುವ ಹೆಂಗಸರು ಮಾತ್ರ ಐದನೇ ನಂಬರಿಗೋ ನಾಲ್ಕನೇ ನಂಬರಿಗೋ ಎದ್ದು ಹೋಗಬೇಕಾಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನೀರು. ಎಲ್ಲರಿಗಿಂತ ಮೊದಲು ಏಳುವವಳು ನಮ್ಮವ್ವ. ನಮ್ಮದು ಪೈಪಿನ ಕಟ್ಟಕಡೆಯ ಮನೆ, ಮೇಲಾಗಿ ತುಸು ಏರು. ಮೊದಲ ಮನೆಗಳಲ್ಲಿ ಭರ್ರನೆ ಬರುವ ನೀರು ನಮ್ಮಲ್ಲಿ ಅಳುವ ಕೂಸಿನ ಮೂಗಿನ ಹಾಗೆ ಇಳಿಯುತ್ತಿತ್ತು. ಅದಕ್ಕೇ ಅಪ್ಪ ಅಂಗಳದಲ್ಲಿ ತಗ್ಗು ತೋಡಿ ನಳವನ್ನು ಕೆಳಗಿಳಿಸಿದ್ದ. ಅವ್ವ ಸೀರೆ ಎತ್ತಿ ಕಟ್ಟಿ ಆ ತಗ್ಗಿಗಿಳಿದು, ತಂಬಿಗೆಯಿಂದ ಕೊಡಕ್ಕೆ, ಕೊಡದಿಂದ ಹಂಡೆಗೆ ಸುರುವುತ್ತ ಕೂತರೆ ಕತ್ತಲಾಗುತ್ತಿತ್ತು. ತಗ್ಗು ತೋಡುವತನಕ ಅಪ್ಪನ ಕೆಲಸ, ಅದರೊಳಗೆ ಇಳಿಯುವುದು ಅವ್ವನ ಕೆಲಸ. ಇದನ್ನು ಯಾರು ಹಂಚಿದರು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅಪ್ಪ, “ನಳದ ಕೆಲಸ ಹೆಂಗಸರದಽ ಅಲ್ಲೇನಬೇ,” ಎಂದು ಮತ್ತೆ ಟಿವಿ ಕಡೆ ತಿರುಗಿದ್ದ.

ಹಾಗಾಗಿ ಅವ್ವ ಒಂದನೇ ನಂಬರ್ ನೋಡಿದ್ದೇ ಇಲ್ಲ. ಒಳಗಿನ ಗದ್ದಲದಲ್ಲಿ ರಾಗ ಅರೆಬರೆ ಕೇಳುತ್ತಿತ್ತು, ಅಷ್ಟೇ. ನೀರು ನಿಂತ ಮೇಲೆ ಒದ್ದೆ ಸೀರೆಯಲ್ಲೇ ಒಳಗೆ ಬಂದು, “ಒಂದನೇದು ಯಾವುದ್ ಬಂತು? ಅದಽ ಬಂತೇನು?” ಎಂದು ಕೇಳುವಳು. ನಾನೂ ನನ್ನ ತಮ್ಮನೂ ಆ ಹಾಡನ್ನು ಅವಳಿಗೆ ಮಾಡಿ ತೋರಿಸಬೇಕು. ಹುಡುಗಿಯಾದ ನಾನು ನಾಯಕ, ತಮ್ಮ ಅವಳದೇ ಟವೆಲ್ ಹೊದ್ದು ನಾಯಕಿ. ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗು ಮುಗಿದ ಮೇಲೆ ಒಂದು ಕ್ಷಣ ಆರಿಹೋದ ಟಿವಿಯ ಕಡೆ ನೋಡುತ್ತಿದ್ದಳು. ಆ ನೋಟ ನನಗಿನ್ನೂ ನೆನಪಿದೆ. ಹಗಲೆಲ್ಲ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಅವಳು ಗುನುಗುತ್ತಿದ್ದುದೇ ಆ ಹಾಡುಗಳನ್ನು.

ಕಾಕಾ ವಾಲ್ವ್ ತಿರುವಿ ನೀರು ಬಿಟ್ಟು, ನಮ್ಮ ಮನೆಯ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಎಷ್ಟು ಕರೆದರೂ ಒಳಗೆ ಬರುತ್ತಿರಲಿಲ್ಲ. “ಕಾಲೆಲ್ಲ ರಾಡಿ ಆಗ್ಯಾವ ಬಿಡ್ರಿ,” ಎನ್ನುವರು. ಕೀಲಿಯನ್ನು ಗೋಡೆಗೆ ಆನಿಸಿ, ಕಿಟಕಿಯ ಸರಳುಗಳ ನಡುವಿನಿಂದ ನಾನು ಕೊಟ್ಟ ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತ ಕಡೆಯ ಹಾಡುಗಳನ್ನು ನೋಡುವರು. ಎಲ್ಲರೂ ಮೇಲೇರುವ ಹಾಡಿಗೆ ಚಪ್ಪಾಳೆ ಹೊಡೆದರೆ ಕಾಕಾ ಕೆಳಗಿಳಿದ ಹಾಡಿನ ವಕೀಲರು. “ಹ್ವಾದ ವಾರ ತಲಿ ಮ್ಯಾಲೆ ಹೊತ್ಕೊಂಡು ಕುಣದ್ರಿ, ಈ ವಾರ ಎಂಟಕ್ಕ ಒಗದ್ರಿ. ಏನ್ ಪಾಪ ಮಾಡಿತ್ತಪ್ಪಾ ಅದು?” ಎಂದು ಕಿಟಕಿಯಿಂದಲೇ ಎಲ್ಲರನ್ನೂ ಬೈಯುವರು. ನೀರಿಗಾಗಿ ಕಿತ್ತಾಡುವವರಿಗೆ ಹೇಳಲು ಅವರ ಬಳಿ ಒಂದೇ ಮಾತಿತ್ತು: “ಅವಸರ ಕೊಡಕ್ಕ ಇರತೈತಿ, ನೀರಿಗೆ ಇರೂದಿಲ್ಲ.”

ದಿನಾ ಮಲ್ಲಸಮುದ್ರದಿಂದ ಸೈಕಲ್ ತುಳಿದು ಬರುತ್ತಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ವರ್ಷ ಆಗುತ್ತದೆ, ಬರುವ ವರ್ಷ ಆಗುತ್ತದೆ ಎಂದು ಅವರ ಮನೆಯವರೂ ಕಾಯುತ್ತಿದ್ದರು, ನಮ್ಮ ಓಣಿಯೂ ಕಾಯುತ್ತಿತ್ತು.

ಒಂದು ಶುಕ್ರವಾರ ಬಸಿ ವಾಪಸು ಕೊಡುವಾಗ ಕಾಕಾ ನನ್ನನ್ನು ಕೇಳಿದರು.

“ನಿಮ್ಮವ್ವ ಎಲ್ಲಿ ಅದಾಳಬೇ?”

“ನಳದ ತಗ್ಗಿನ್ಯಾಗ್ರಿ.”

“ಒಂದನೇದು ನೋಡೂದಿಲ್ಲೇನು?”

“ಹ್ಯಾಂಗ್ ನೋಡತಾಳ್ರಿ ಕಾಕಾ? ನೀವು ನೀರ್ ಬಿಟ್ಟಿರತೀರಲ್ಲ.”

ನಾನು ಕೊಂಕಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದೆ. ಕಾಕಾ ಒಮ್ಮೆ ತಗ್ಗಿನ ಕಡೆ ನೋಡಿದರು. ಕೀಲಿ ಎತ್ತಿಕೊಂಡು ಹೋದರು.

ಮುಂದಿನ ಶುಕ್ರವಾರ ನಾಲ್ಕನೆಯ ಹಾಡು ಬಂತು, ಅವ್ವ ಎದ್ದು ಹೋಗಿ ತಗ್ಗಿಗಿಳಿದಳು, ನೀರು ಬರಲಿಲ್ಲ. ಬದಲಿಗೆ ಕಾಕಾ ಬಂದರು, ಭುಜದ ಮೇಲೆ ಕೀಲಿ. “ತಂಗೆವ್ವಾ, ಇನ್ನಽ ಕೀಲಿ ಹಾಕಿಲ್ಲ ನಾನು. ಒಳಗ ಹೋಗಿ ಕುಂಡ್ರು. ನಂಬರ್ ಹಾಡು ಮುಗದ ಮ್ಯಾಲೆ ನೀರು.”

ಅವ್ವನಿಗೆ ಕಸಿವಿಸಿ. ಗಂಡಸರ ನಡುವೆ ಕೂಡಲು ನಾಚಿ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತಳು. ಮೂರು ಆಯಿತು, ಎರಡು ಆಯಿತು, ಒಂದು ಬಂತು. ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ ಕಿಟಕಿಯಿಂದ ಕಾಕಾ, “ಹ್ಯಾಂಗಿತ್ತು ತಂಗೆವ್ವಾ?” ಎಂದರು.

“ಇದಽ ಏನ್ರಿ ಒಂದನೇದು? ನಮ್ಮ ಹುಡುಗ್ರು ಇದಕ್ಕಿಂತ ಚಲೋ ಕುಣೀತಿದ್ರು!”

ಮನೆಯೆಲ್ಲ ನಕ್ಕಿತು. ಕಾಕಾ ಎಷ್ಟು ನಕ್ಕರೆಂದರೆ ಗೋಡೆಗಿಟ್ಟ ಕೀಲಿ ಉರುಳಿ ಬಿತ್ತು. ಹಾಗೆ ಹೀಗಳೆದಳಾದರೂ ಅವ್ವ ಮುಂದಿನ ವಾರ ಹಾಡು ಶುರುವಾಗುವ ಮೊದಲೇ ಮುಖ ತೊಳೆದು, ತಲೆ ಬಾಚಿ, ಅಪ್ಪನ ಪಕ್ಕಕ್ಕೇ ಜಾಗ ಹಿಡಿದು ಕೂತಳು. ಅಕ್ಕಪಕ್ಕದ ಹೆಂಗಸರೂ ಒಳಗೆ ಬಂದು ಕೂತರು. ನಮ್ಮ ಮನೆ ತುಂಬಿ, ಗಂಡಸರು ಕಿಟಕಿಗೆ ಹೋಗಿ ಕಾಕಾನ ಪಕ್ಕ ನಿಲ್ಲಬೇಕಾಯಿತು. ಆ ಕೆಲವು ತಿಂಗಳು ನಮ್ಮವ್ವ ಎಷ್ಟು ಚೆಲುವೆಯಾಗಿದ್ದಳು! ಹಾಡು ಮುಗಿದ ಮೇಲೆ ಕಾಕಾ ಹೋಗಿ ಕೀಲಿ ತಿರುವುತ್ತಿದ್ದರು. ತಡವಾದಷ್ಟು ಹೊತ್ತು ಹೆಚ್ಚಿಗೆ ನಿಂತು, ಬಿಡಬೇಕಾದಷ್ಟು ನೀರನ್ನು ಪೂರ್ತಿ ಬಿಟ್ಟೇ ಮನೆಗೆ ಹೋಗುತ್ತಿದ್ದರು. ಅವರು ಮಲ್ಲಸಮುದ್ರ ಮುಟ್ಟುವಾಗ ಊಟದ ಹೊತ್ತು ಮೀರಿರುತ್ತಿತ್ತು.

ಒಳ್ಳೆಯದಕ್ಕೆ ಕಣ್ಣು ತಾಗುವುದು ಬೇಗ. ಪೈಪಿನ ಮೊದಲ ಮನೆಯ ಹಿರಿಯರೊಬ್ಬರು ನೀರಿನ ಆಫೀಸಿಗೆ ಹೋಗಿ, ಟಿವಿ ನೋಡುವ ಸಲುವಾಗಿ ಈ ಮನುಷ್ಯ ಓಣಿಯ ನೀರು ತಡೆದಿದ್ದಾನೆ ಎಂದು ತಕರಾರು ಹೇಳಿ ಬಂದರು. ಸಂಜೆಯ ಪೂಜೆಗೆ ಹೊಸ ನೀರು ಬೇಕು ಎನ್ನುವವರು ಅವರು, ಅವರ ತೊಂದರೆ ಅವರಿಗೆ. ಇವತ್ತು ಹೀಗೆ ಸಮಾಧಾನದಿಂದ ಬರೆಯುತ್ತಿದ್ದೇನೆ. ಆಗ ಅವರ ಮನೆಯ ಮುಂದೆ ಹಾಯುವಾಗೆಲ್ಲ ನಾನು ಮನಸ್ಸಿನಲ್ಲಿ ಅಂದ ಮಾತುಗಳನ್ನು ಬರೆಯುವಂತಿಲ್ಲ.

ಶುಕ್ರವಾರ ಸಂಜೆಯೇ ಸಾಹೇಬರು ಜೀಪಿನಲ್ಲಿ ಬಂದರು. ಕಾಕಾ ನಮ್ಮ ಕಿಟಕಿಯ ಮುಂದೆಯೇ ಸಿಕ್ಕರು. ಟಿವಿಯ ಸದ್ದು ಯಾರೋ ಸಣ್ಣದು ಮಾಡಿದರು. ಓಣಿಯೆಲ್ಲ ಹೊರಗೆ ಬಂತು. ಕೆಲಸ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಕಾಯಂ ಇಲ್ಲದವನನ್ನು ತೆಗೆಯಲು ಒಂದು ಮಾತು ಸಾಕು.

“ಯಾಕಪ್ಪಾ, ಇಲ್ಲಿ ವಾರಾ ವಾರಾ ನೀರು ತಡಾ ಬರತಾವಂತಲ್ಲ? ವಾಲ್ವ್ ಏನರೆ ಬಿಗಿ ಆಗೈತೇನು?”

ಸಾಹೇಬರು ತಾವೇ ದಾರಿ ತೋರಿಸಿದ್ದರು. ಹೌದ್ರಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೌದನ್ನಲಿ ದೇವರೇ ಎಂದು ನಾನು ಬೇಡಿಕೊಂಡೆ.

“ಇಲ್ರಿ ಸಾಹೇಬ್ರ, ವಾಲ್ವ್ ಚಲೋ ಐತ್ರಿ. ಟಿವಿಯೊಳಗ ನಂಬರ್ ಹಾಡು ಮುಗೀಲಿ ಅಂತ ನಿಂದರತಿದ್ದೆ.”

“ನಿನಗ ಹಾಡಿನ ಹುಚ್ಚು ಅಂದ್ರ ಓಣಿ ಮಂದಿ ಕೊಡಾ ಹಿಡ್ಕೊಂಡು ಕಾಯಬೇಕೇನು?”

ಕಾಕಾ ತಲೆ ತಗ್ಗಿಸಿ ನಿಂತರು. ಅವ್ವನ ಹೆಸರು ಎತ್ತಲಿಲ್ಲ. ಒಬ್ಬ ಹೆಂಗಸಿನ ಸಲುವಾಗಿ ನೀರು ತಡೆದೆ ಎಂದರೆ ಊರು ಏನೇನು ಆಡಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಆಗ ಅವ್ವ ಮುಂದೆ ಬಂದಳು. ಅಂಗಡಿಯವನ ಹತ್ತಿರವೂ ತಗ್ಗಿದ ದನಿಯಲ್ಲಿ ಮಾತಾಡುವವಳು ನಮ್ಮವ್ವ. ತಲೆಯ ಮೇಲೆ ಸೆರಗು ಎಳೆದುಕೊಂಡು ಹೇಳಿದಳು:

“ಅವರಿಗೆ ಹುಚ್ಚಿಲ್ರಿ ಸಾಹೇಬ್ರ. ಅವರು ನಿಂತದ್ದು ನನ್ನ ಸಲುವಾಗಿ. ಎಲ್ಲಾರೂ ಒಳಗ ಕುಂತು ನೋಡತಿದ್ರು, ನಾ ಒಬ್ಬಾಕಿ ಈ ತಗ್ಗಿನ್ಯಾಗ ಇರತಿದ್ದೆ. ಅದು ಅವರ ಕಣ್ಣಿಗೆ ಬಿತ್ತು, ನಿಂತರು. ನೀರೇನು ಕಡಿಮಿ ಬಿಟ್ಟಿಲ್ರಿ. ಶಿಕ್ಷಾ ಮಾಡೂದಿದ್ರ ನಮ್ಮ ನಳಾ ಬಂದ್ ಮಾಡ್ರಿ, ಅವರ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ.”

ಆಮೇಲೆ ಪಕ್ಕದ ಮನೆಯ ಅತ್ತಿ, “ನಮ್ಮ ನಳಾನೂ ಬಂದ್ ಮಾಡ್ರಿ,” ಎಂದಳು. ಅವಳ ಹಿಂದೆ ಇನ್ನೊಬ್ಬಳು. ಸಾಹೇಬರು ಬೆವರು ಒರೆಸಿಕೊಂಡರು. “ನಿಮ್ಮ ನಳಾ ಬಂದ್ ಮಾಡಿ ನಾ ಎಲ್ಲಿ ಹೋಗ್ಲಿ ತಾಯಿ?” ಎಂದು ಜೀಪು ಹತ್ತಿದರು.

ಕೆಲಸ ಉಳಿಯಿತು. ಆದರೆ ಕಾಕಾನನ್ನು ಊರಿನ ಇನ್ನೊಂದು ಭಾಗಕ್ಕೆ ಹಾಕಿದರು. ಅವರ ಸಂಗಡ ಸೇರಿದವರು ಆ ವರ್ಷ ಕಾಯಂ ಆದರು, ಕಾಕಾನ ಹೆಸರು ಹಿಂದೆ ಬಿತ್ತು. ಸುದ್ದಿ ಕೇಳಿ ಅವ್ವ ಊಟ ಬಿಟ್ಟು ಅತ್ತಳು.

ಹೊಸಬ ಬಂದ. ಗಡಿಯಾರ ನೋಡಿ ನೀರು ಬಿಡುವವನು. ಆ ಶುಕ್ರವಾರ ನಾಲ್ಕನೆಯ ಹಾಡಿಗೆ ನಳ ಸೀನತೊಡಗಿತು. ಅವ್ವ ಎದ್ದಳು. ಅಪ್ಪ ಅವಳ ಸೆರಗು ಹಿಡಿದು ಕೂರಿಸಿದ, ಅಷ್ಟು ಜನರ ಮುಂದೆ! “ನೀ ನೋಡು. ನಾ ತುಂಬತೀನಿ,” ಎಂದು ಧೋತರ ಎತ್ತಿ ಕಟ್ಟಿ ತಗ್ಗಿಗಿಳಿದ. ಹೊರಗಿನ ಮನುಷ್ಯನ ಕಣ್ಣಿಗೆ ಬಿದ್ದದ್ದು ತನ್ನ ಕಣ್ಣಿಗೆ ಬೀಳಲಿಲ್ಲವೆಂಬ ನಾಚಿಕೆ ಅವನನ್ನು ಇಳಿಸಿತ್ತು ಎಂದು ನನಗೆ ಈಗ ಅರ್ಥವಾಗುತ್ತದೆ. ಅವತ್ತು ಅರ್ಧ ನೀರು ಅಂಗಳಕ್ಕೇ ಹೋಯಿತು. ಅವ್ವ ಬೈಯಲಿಲ್ಲ. ಮುಂದೆ ಅವನಿಗೂ ರೂಢಿಯಾಯಿತು. ಓಣಿಯ ಇನ್ನಷ್ಟು ಗಂಡಸರೂ ಗೊಣಗುತ್ತ ಕೊಡ ಹಿಡಿದರು.

ಬಹಳ ದಿನಗಳ ಮೇಲೆ ಕಾಯಿಪಲ್ಯೆ ಸಂತೆಯಲ್ಲಿ ಕಾಕಾ ಸಿಕ್ಕರು. ಅವ್ವ ಮೆಂತ್ಯೆಸೊಪ್ಪಿನ ಸಿವುಡು ಕೈಯಲ್ಲಿ ಹಿಡಿದೇ, “ಅಣ್ಣಾ, ನನ್ನಿಂದ ನಿಮಗ ಭಾಳ ತ್ರಾಸ ಆತು,” ಎಂದಳು.

“ತ್ರಾಸ ಏನ್ ಬಿಡು ತಂಗೆವ್ವಾ. ನೀರು ಊರಿಗೆಲ್ಲಾ ಬಿಟ್ಟೀನಿ. ಕುಂತು ನೋಡೂ ಪುರಸತ್ತು ನಿನಗೊಬ್ಬಾಕಿಗರೆ ಬಿಟ್ಟೆ ಅಲ್ಲ, ಆತು.”

ಕಾಕಾ ಕಾಯಂ ಆಗಿದ್ದು ನಿವೃತ್ತಿ ಹತ್ತಿರ ಬಂದಾಗ. ನಂಬರ್ ಹಾಡಿನ ಕಾರ್ಯಕ್ರಮ ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಈಗ ಬೇಕೆಂದಾಗ ಫೋನಿನಲ್ಲಿ ಬೇಕಾದ ಹಾಡು. ಯಾವುದು ಒಂದನೆಯದು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಬಂದು, ಇಲ್ಲೇ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಾಲ್ಕು ಜನ ಕೂಡಿ ನಗುವಲ್ಲಿ ಯಾರು ಒಳಗಿಲ್ಲ ಎಂದು ನೋಡುವ ಚಾಳಿಯೊಂದು ನನಗೆ ಅಂಟಿಕೊಂಡಿದೆ. ಶಾಲೆಯಲ್ಲಿ ಏನಾದರೂ ಸಿಹಿ ಹಂಚುವಾಗ ಹಿಂದೆ ಚಹಾದ ಕಪ್ಪು ತೊಳೆಯುತ್ತಿರುವ ಕೆಲಸದಾಕೆಯನ್ನು ಕರೆದು ಕೂರಿಸದೆ ಶುರು ಮಾಡಲು ಬಿಡುವುದಿಲ್ಲ. ಉಳಿದ ಶಿಕ್ಷಕರಿಗೆ ಇದು ತುಸು ಕಿರಿಕಿರಿ. ಕಾಕಾನಿಂದ ಬಂದದ್ದು, ಅವರಿಗೆ ಹೇಗೆ ಹೇಳಲಿ?

ಹೋದ ವರ್ಷ ನಾನು ತವರಿಗೆ ಹೋಗಿದ್ದೆ. ಹಾಲಿನವನು ಸುದ್ದಿ ತಂದ. ಬೆಳಗಿನ ಜಾವ ಕಾಕಾ ತೀರಿಹೋಗಿದ್ದರು, ಮಧ್ಯಾಹ್ನಕ್ಕೆ ಮಣ್ಣು. ಅವತ್ತು ಓಣಿಯ ನೀರಿನ ಸರದಿ. ಎಷ್ಟೋ ದಿನಗಳ ಮೇಲೆ ಬಂದ ಸರದಿ. ಅಂಗಳದಲ್ಲಿ ಕೊಡಗಳೆಲ್ಲ ಬಾಯಿ ತೆರೆದು ನಿಂತಿದ್ದವು. ಅವ್ವ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಅಷ್ಟರಲ್ಲಿ ನಳ ಸದ್ದು ಮಾಡಿತು.

“ನೀರ್ ಬಂದುವಬೇ! ಈಗ ಎಲ್ಲಿ ಹೊಂಟಿ?” ಎಂದು ಪಕ್ಕದ ಮನೆಯ ಅತ್ತಿ ಗೋಡೆಯಾಚೆಯಿಂದ ಕೂಗಿದಳು.

“ಬರಲೇಳ. ನೀರು ಮುಂದಿನ ಸರದಿಗೆ ಮತ್ತ ಬರತಾವು,” ಎಂದು ಅವ್ವ ಚಪ್ಪಲಿ ಮೆಟ್ಟಿದಳು. “ಅಣ್ಣ ಬರೂದಿಲ್ಲ.”